ಹಿಟ್ ಹಾಡುಗಳ ಪಟ್ಟಿಯೂ ನಮ್ಮ ಕೇರಿಯ ಓಟೂ

ಎಂಬತ್ತರ ದಶಕದ ಕನ್ನಡದ ಹಿಟ್ ಹಾಡುಗಳು ಯಾವುವು ಎಂದು ಯಾರನ್ನೇ ಕೇಳಿ, 1987ರ ‘ಪ್ರೇಮಲೋಕ’ದ ಹೆಸರು ಬಾರದೆ ಮಾತು ಮುಗಿಯೋದಿಲ್ಲ. ಬರಲಿ, ತಕರಾರಿಲ್ಲ. ಹಂಸಲೇಖರ ಆ ಹಾಡುಗಳನ್ನು ಮಾಲೂರಿನ ಇಟ್ಟಿಗೆ ಗೂಡುಗಳಲ್ಲಿ ದುಡಿಯುವ ಹುಡುಗರೂ ಗುನುಗಿದ್ದಾರೆ, ನಾನೂ ಗುನುಗಿದ್ದೇನೆ. ನನ್ನ ತಕರಾರು ಎಣಿಕೆಯ ಬಗ್ಗೆ. ಎಣಿಸಿದವರು ಯಾರು, ಏನನ್ನು ಎಣಿಸಿದರು?

1952ರಲ್ಲಿ ರೇಡಿಯೋ ಸಿಲೋನ್‌ನಲ್ಲಿ ಶುರುವಾದ ಬಿನಾಕಾ ಗೀತ್‌ಮಾಲಾ ಈ ದೇಶಕ್ಕೆ ಹಾಡುಗಳನ್ನು ಮೆಟ್ಟಿಲ ಮೇಲೆ ನಿಲ್ಲಿಸುವ ಚಟ ಹತ್ತಿಸಿತು. ಮೇಲು ಕೀಳಿನ ಮೆಟ್ಟಿಲು ನಮಗೇನು ಹೊಸದಲ್ಲ, ಬಿಡಿ. ಅಲ್ಲಿ ಅಂಗಡಿಯಲ್ಲಿ ಮಾರಾಟವಾದ ರೆಕಾರ್ಡು, ಶ್ರೋತೃಸಂಘಗಳ ಅಭಿಪ್ರಾಯ ಲೆಕ್ಕಕ್ಕೆ ಬರುತ್ತಿದ್ದವು. ನಮ್ಮ ಆಕಾಶವಾಣಿಯ ಕೋರಿಕೆ ಕಾರ್ಯಕ್ರಮಗಳಿಗೆ ಪೋಸ್ಟ್ ಕಾರ್ಡು. ಕಾರ್ಡು ಬರೆಯೋಕೆ ಅಕ್ಷರ ಬೇಕು, ಕ್ಯಾಸೆಟ್ ಕೊಳ್ಳೋಕೆ ಕಾಸು ಬೇಕು. ಎರಡೂ ಇಲ್ಲದ ನಮ್ಮ ತಾಯಂದಿರಿಗೆ ಈ ಚುನಾವಣೆಯಲ್ಲಿ ಓಟೇ ಇರಲಿಲ್ಲ.

ಅದೇ ದಶಕದಲ್ಲಿ ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದ ಕೇರಿಗಳಲ್ಲಿ ದಲಿತ ಸಂಘರ್ಷ ಸಮಿತಿಯ ಹಾಡುಗಳು ನಡೆದುಕೊಂಡೇ ಊರು ದಾಟಿದವು. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಸಂಕಲನ ಬಂದದ್ದು 1975ರಲ್ಲಿ. ಆದರೆ ಕೇರಿಗೆ ಮೊದಲು ಬಂದದ್ದು ಪುಸ್ತಕವಲ್ಲ, ದನಿ. ಕೋಟಿಗಾನಹಳ್ಳಿ ರಾಮಯ್ಯ ಹಾಡು ಬರೆದರು. ಪಿಚ್ಚಳ್ಳಿ ಶ್ರೀನಿವಾಸ್, ಗೊಲ್ಲಹಳ್ಳಿ ಶಿವಪ್ರಸಾದ್ ಹಾಡಿದರು. ನಲವತ್ತೇಳರ ಸ್ವಾತಂತ್ರ್ಯವನ್ನು ಪ್ರಶ್ನಿಸುವ ಸಿದ್ಧಲಿಂಗಯ್ಯನವರ ಹಾಡನ್ನೇ ನೋಡಿ. ಅದರ ಪಲ್ಲವಿಯೇ ಒಂದು ಪ್ರಶ್ನೆ. ಉತ್ತರ ಗೊತ್ತಿರುವವರು ಕೇಳುವ ಪ್ರಶ್ನೆ. ಹಾಗಾಗಿ ಯಾರೂ ಕಲಿಸಬೇಕಾಗಿಲ್ಲ, ಎರಡನೇ ಸಲಕ್ಕೆ ಇಡೀ ಕೇರಿ ಕೊರಳು ಕೂಡಿಸುತ್ತೆ. ಮನೆಯಲ್ಲಿ ತೆಲುಗು ಆಡುವ ಗಡಿಭಾಗದ ನಮ್ಮ ಜನ ಆ ಪ್ರಶ್ನೆಯನ್ನು ಕನ್ನಡದಲ್ಲೇ ಕೇಳಿದರು. ಕನ್ನಡ ಕಟ್ಟುವವರು ಇದನ್ನೂ ತಮ್ಮ ಲೆಕ್ಕಕ್ಕೆ ಬರೆದುಕೊಳ್ಳಬಹುದು.

ಇಂಥ ಹಾಡುಗಳನ್ನು ‘ಬರೀ ಘೋಷಣೆ’ ಎಂದ ವಿಮರ್ಶಕರಿದ್ದಾರೆ. ಅವರು ಹಾಳೆಯ ಮೇಲಿನ ಸಾಲು ಓದಿದರು, ತಮಟೆಯ ಪೆಟ್ಟು ಕೇಳಲಿಲ್ಲ. ಸಾಲು ಎಲ್ಲಿ ಮುರಿಯಬೇಕು, ಎಲ್ಲಿ ಜನ ಉಸಿರು ತಗೋಬೇಕು ಅನ್ನೋದನ್ನು ತೀರ್ಮಾನಿಸುವುದು ಆ ಪೆಟ್ಟು.

ಬೇರೆಯವರನ್ನು ಬೈದು ಮುಗಿಸುವಂತಿಲ್ಲ. ನಾವೂ ಹೋರಾಟದ ಹಾಡಿನ ಪುಸ್ತಕ ಅಚ್ಚು ಹಾಕಿಸಿದಾಗ ಬರೆದವರ ಹೆಸರು ಹಾಕಿದೆವು, ತಮಟೆ ಬಡಿದವರ ಹೆಸರು ಬಿಟ್ಟೆವು. ಶಿಡ್ಲಘಟ್ಟ ತಾಲ್ಲೂಕಿನ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. 2007ರವರೆಗೆ ಆ ತಾಲ್ಲೂಕು ನಮ್ಮ ಕೋಲಾರ ಜಿಲ್ಲೆಯದೇ. ಸರ್ಕಾರ ತಡವಾಗಿಯಾದರೂ ಎಣಿಸಿತು. ತಮಟೆಯ ಗತ್ತಿನ ಬಗ್ಗೆ ನಮ್ಮ ದಲಿತ ವಿಮರ್ಶೆ ಎಷ್ಟು ಪುಟ ಬರೆದಿದೆ?

ಇನ್ನೊಂದು ಮಾತು. ಶ್ರೀನಿವಾಸಪುರದ ಕಡೆ ಒಂದು ಕಾಲೋನಿಯಲ್ಲಿ ಹಾಡು ಮುಗಿಸಿ ಹೊರಟಾಗ ವಯಸ್ಸಾದ ಅಮ್ಮನೊಬ್ಬರನ್ನು, ‘ಯಾವ ಹಾಡು ಹಿಡಿಸ್ತಮ್ಮಾ?’ ಎಂದು ಕೇಳಿದೆ. ‘ಎಲ್ಲಾ ಚೆನ್ನಾಗೈತಪ್ಪಾ. ನಮ್ದೂ ಒಂದು ಕೇಳ್ಕೊಂಡು ಹೋಗ್ಬೋದಿತ್ತು’ ಅಂದರು. ರಾಗಿ ಹೊಲದಲ್ಲಿ ಕಳೆ ಕೀಳುತ್ತಾ ಹಾಡುವ ತೆಲುಗು ಪದಗಳು ಅವರವು. ನಮಗೆ ಮುಂದಿನ ಊರಿಗೆ ಹೊತ್ತಾಗಿತ್ತು.

ಪಟ್ಟಿ ಮಾಡಲೇಬೇಕು ಅಂದರೆ ಸಿದ್ಧಲಿಂಗಯ್ಯನವರ ಆ ಪ್ರಶ್ನೆಯ ಹಾಡನ್ನು ಎರಡನೆಯದಾಗಿ ಬರೆದುಕೊಳ್ಳುತ್ತೇನೆ. ಮೊದಲನೆಯದು ಆ ಅಮ್ಮನದು, ಕೇಳಿ ಬಂದ ಮೇಲೆ ಹೆಸರು ತುಂಬುತ್ತೇನೆ. ಮೂರಕ್ಕೆ ಬೇಕಿದ್ದರೆ ‘ಪ್ರೇಮಲೋಕ’ದ್ದೇ ಒಂದು ಹಾಕಿಕೊಳ್ಳಿ.