ಗುಂಡಿ ಒತ್ತುವ ಕೈ, ಬಿಚ್ಚಿ ನೋಡುವ ಕೈ

ಮಕ್ಕಳ ಮ್ಯೂಸಿಯಂಗಳಿಗೆ ನಮ್ಮಲ್ಲಿ ವಿಮರ್ಶಕರಿಲ್ಲ. ಸಿನಿಮಾಕ್ಕೆ ಇದ್ದಾರೆ, ನಾಟಕಕ್ಕೆ ಇದ್ದಾರೆ, ಹೋಟೆಲಿನ ದೋಸೆಗೂ ಈಗ ಬೇಕಾದಷ್ಟು ಮಂದಿ ಇದ್ದಾರೆ. ಮಕ್ಕಳನ್ನು ಕರೆದುಕೊಂಡು ಹೋಗಿ ಬಂದವರನ್ನು ಹೇಗಿತ್ತು ಎಂದು ಕೇಳಿ ನೋಡಿ. ಪಾರ್ಕಿಂಗ್ ಇದೆ, ಕ್ಯಾಂಟೀನು ಪರವಾಗಿಲ್ಲ, ಎರಡು ತಾಸಿನಲ್ಲಿ ಮುಗಿಯುತ್ತದೆ. ಇಷ್ಟೇ ಸಿಗುವುದು. ನನ್ನ ತಕರಾರು ಆ ಕೊನೆಯ ಮಾತಿನ ಮೇಲೆ. ಒಂದು ಕಾದಂಬರಿಯ ಬಗ್ಗೆ ಯಾರಾದರೂ 'ಎರಡು ತಾಸಿನಲ್ಲಿ ಮುಗಿಯಿತು' ಎಂದಷ್ಟೇ ಹೇಳಿದರೆ ನಾವು ಅದನ್ನು ಓದಿನ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಕ್ಕಳು ಕೈಯಾಡಿಸಿ ಕಲಿಯಲಿ ಎಂದು ಕಟ್ಟಿದ ಜಾಗಕ್ಕೆ ಮಾತ್ರ ಅದೇ ದೊಡ್ಡ ಪ್ರಶಂಸೆಯಾಗಿಬಿಟ್ಟಿದೆ.

ನಾನಿರುವುದು ಕುರಕುಂಭದಲ್ಲಿ. ಪುಣೆ-ಸೋಲಾಪುರ ಹೆದ್ದಾರಿಯ ಮೇಲೆ, ಪುಣೆಯಿಂದ ಸುಮಾರು 80 ಕಿಲೋಮೀಟರ್, ದೌಂಡ್ ತಾಲ್ಲೂಕು. ಫಿರಂಗಾಯಿ ದೇವಿಯ ಗುಡಿಗೆ ಹೆಸರಾದ ಊರು. ಹೊರಗಿನವರಿಗೆ ಈಗ ಗೊತ್ತಿರುವುದು ಎಂಐಡಿಸಿಯ ಔಷಧಿ, ರಾಸಾಯನಿಕ ಕಾರ್ಖಾನೆಗಳಿಂದ. ಕಲಬುರಗಿ, ವಿಜಯಪುರ, ಬೀದರ ಕಡೆಯಿಂದ ಬಂದ ನಮ್ಮ ಜನ ಇಲ್ಲಿ ಲ್ಯಾಬಿನಲ್ಲೂ ಇದ್ದಾರೆ, ಬಾಯ್ಲರಿನ ಹತ್ತಿರವೂ ಇದ್ದಾರೆ. ಮಕ್ಕಳು ಹೆಚ್ಚಾಗಿ ಮರಾಠಿ ಶಾಲೆಗೆ ಹೋಗುತ್ತಾರೆ. ಮನೆಯಲ್ಲಿ ಕನ್ನಡ, ಅಂಗಳದಲ್ಲಿ ಮರಾಠಿ, ಮೊಬೈಲಿನಲ್ಲಿ ಹಿಂದಿ.

ಇಲ್ಲಿ 'ಮಕ್ಕಳಿಗೆ ಸೈನ್ಸ್ ಮ್ಯೂಸಿಯಂ ತೋರಿಸೋಣ' ಎಂಬ ಮಾತು ಎದ್ದರೆ ಯೋಜನೆ ಹೀಗೆ ಸಾಗುತ್ತದೆ. ಮೊದಲು ಶಿಫ್ಟಿನ ಲೆಕ್ಕ. ಫಸ್ಟ್ ಶಿಫ್ಟಿನವರ ವಾರದ ರಜೆ ಒಂದು ದಿನ, ನೈಟ್ ಶಿಫ್ಟಿನವರದು ಇನ್ನೊಂದು ದಿನ. ಗುತ್ತಿಗೆ ಕೆಲಸದವರಿಗೆ ರಜೆ ಎಂದರೆ ಆ ದಿನದ ಪಗಾರು ಹೋದ ಹಾಗೆ. ಆಮೇಲೆ ನಾಲ್ಕು ಮನೆಯವರು ಸೇರಿ ಒಂದು ಕ್ರೂಸರ್ ಗಾಡಿ. ಗಾಡಿಯ ಬಾಡಿಗೆ ಕೊಟ್ಟ ಮೇಲೆ ಒಂದೇ ಜಾಗ ನೋಡಿ ಬರುವುದೆಂದರೆ ಯಾರಿಗೂ ಮನಸ್ಸು ಒಪ್ಪುವುದಿಲ್ಲ. ಹಾಗಾಗಿ ಬೆಳಿಗ್ಗೆ ದಗಡೂಶೇಠ್ ಗಣಪತಿ, ನಂತರ ಶನಿವಾರವಾಡಾ, ಊಟ, ಮ್ಯೂಸಿಯಂ, ಸಂಜೆಗೆ ಮಾಲ್. ಮ್ಯೂಸಿಯಂಗೆ ಸಿಕ್ಕಿದ್ದು ಊಟದ ನಂತರದ ತೂಕಡಿಕೆಯ ಹೊತ್ತು. ಮಗು ಒಂದು ಯಂತ್ರದ ಮುಂದೆ ನಿಂತು ಎರಡನೇ ಸಲ ಹಿಡಿಕೆ ತಿರುಗಿಸುವಷ್ಟರಲ್ಲಿ 'ನಡಿ ನಡಿ, ಇನ್ನೂ ಮ್ಯಾಲಿನ ಮಾಳಿಗಿ ಅದ' ಎನ್ನುವ ಕೂಗು. ಖರ್ಚಿನ ಲೆಕ್ಕದಲ್ಲಿ ಇದು ಸರಿಯೇ. ಬಡವರ ಪ್ರವಾಸಕ್ಕೆ ಅದರದೇ ಆದ ಗಣಿತ ಇದೆ, ಅದನ್ನು ನಗೆಯಾಡುವುದು ನನ್ನ ಉದ್ದೇಶವಲ್ಲ. ನನ್ನ ಪ್ರಶ್ನೆ ಮ್ಯೂಸಿಯಂಗೆ: ಹೀಗೆ ಬಂದವರಿಗೆ ನೀನು ಏನು ಕೊಡುತ್ತೀ?

ಉತ್ತರ ಹುಡುಕಲು ಈ ಜಾಗಗಳು ಹುಟ್ಟಿದ ಬಗೆಯನ್ನು ಸ್ವಲ್ಪ ನೋಡಬೇಕು. ಮಕ್ಕಳಿಗೆಂದೇ ಮೊದಲ ಮ್ಯೂಸಿಯಂ ತೆರೆದದ್ದು 1899ರಲ್ಲಿ, ಬ್ರೂಕ್ಲಿನ್‌ನಲ್ಲಿ. ಆದರೆ ಗಾಜಿನ ಪೆಟ್ಟಿಗೆ ತೆಗೆದು ಮಕ್ಕಳ ಕೈಗೆ ವಸ್ತು ಕೊಡುವ ರೂಢಿ ಬಲವಾಗಿದ್ದು 1960ರ ದಶಕದಲ್ಲಿ. ಬೋಸ್ಟನ್ನಿನ ಮಕ್ಕಳ ಮ್ಯೂಸಿಯಂಗೆ ಮೈಕೆಲ್ ಸ್ಪಾಕ್ ನಿರ್ದೇಶಕರಾಗಿ ಬಂದರು. ಅದೇ ದಶಕದ ಕೊನೆಗೆ, 1969ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಫ್ರಾಂಕ್ ಒಪೆನ್‌ಹೈಮರ್ ಎಕ್ಸ್‌ಪ್ಲೊರೆಟೋರಿಯಂ ತೆರೆದರು. ಇವರು ಅಣುಬಾಂಬಿನ ರಾಬರ್ಟ್ ಒಪೆನ್‌ಹೈಮರ್ ಅವರ ತಮ್ಮ. ರಾಜಕೀಯ ಕಾರಣಕ್ಕೆ ವಿಶ್ವವಿದ್ಯಾಲಯದ ಕೆಲಸ ಕಳೆದುಕೊಂಡು ವರ್ಷಗಟ್ಟಲೆ ದನ ಸಾಕಿದವರು, ಆಮೇಲೆ ಹೈಸ್ಕೂಲಿನಲ್ಲಿ ಪಾಠ ಹೇಳಿದವರು. ಅವರ ಮ್ಯೂಸಿಯಂನಲ್ಲಿ ಯಂತ್ರಗಳನ್ನು ಮಾಡುವ ವರ್ಕ್‌ಶಾಪು ಬಂದವರ ಕಣ್ಣೆದುರಿಗೇ ಇತ್ತು. ಆ ಯಂತ್ರಗಳನ್ನು ಮಾಡುವ ವಿಧಾನವನ್ನು ಅಡುಗೆ ಪುಸ್ತಕದ ಹಾಗೆ ಅಚ್ಚು ಹಾಕಿಸಿ, ಯಾರು ಬೇಕಾದರೂ ನಕಲು ಮಾಡಿಕೊಳ್ಳಲಿ ಎಂದು ಬಿಟ್ಟರು.

ನಮ್ಮ ದೇಶದ ದಾರಿ ಬೇರೆ ಕಡೆಯಿಂದ ಬಂತು. ಜರ್ಮನಿಯ ಮ್ಯೂನಿಕ್‌ನ ಡಾಯ್ಚಸ್ ಮ್ಯೂಸಿಯಂ ಮಾದರಿಯಲ್ಲಿ, ಗುಂಡಿ ಒತ್ತಿದರೆ ಚಲಿಸುವ ಯಂತ್ರಗಳ ಮ್ಯೂಸಿಯಂಗಳು. 1959ರಲ್ಲಿ ಕೋಲ್ಕತ್ತದ ಬಿರ್ಲಾ ಕೈಗಾರಿಕಾ ಮತ್ತು ತಾಂತ್ರಿಕ ಮ್ಯೂಸಿಯಂ, 1960ರ ದಶಕದಲ್ಲಿ ಬೆಂಗಳೂರು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ. ಒಂದು ಪೀಳಿಗೆಯ ಕನ್ನಡದ ಮಕ್ಕಳಿಗೆ ಬೆಂಗಳೂರೆಂದರೆ ವಿಧಾನಸೌಧ, ಲಾಲ್‌ಬಾಗ್, ಆ ಮ್ಯೂಸಿಯಂ. ಶಾಲೆಯ ಟೂರಿನಲ್ಲಿ ಸಾಲು ಹಿಡಿದು ಹೋಗಿ, ಗುಂಡಿ ಒತ್ತಿ, ಚಕ್ರ ತಿರುಗಿದ್ದು ನೋಡಿ, ಮುಂದಿನ ಗುಂಡಿಗೆ ಓಡಿದವರು ನಾವು. ಆ ಮ್ಯೂಸಿಯಂಗಳ ಋಣ ದೊಡ್ಡದು. ಬಸ್ಸಿನೊಳಗೆ ಪ್ರದರ್ಶನ ಹೊತ್ತುಕೊಂಡು ಹಳ್ಳಿಯ ಶಾಲೆಯ ಮುಂದೆ ನಿಲ್ಲಿಸಿದವರೂ ಅವರೇ. ಆದರೂ ಹೇಳಬೇಕು: ಗುಂಡಿ ಒತ್ತುವುದು ಕೈಯಾಡಿಸುವುದಲ್ಲ. ಗುಂಡಿಗೆ ಒಂದೇ ಉತ್ತರ ಗೊತ್ತು. ಒತ್ತುವ ಕೈ ಎಂಟು ವರ್ಷದ್ದಾದರೂ ಎಂಬತ್ತು ವರ್ಷದ್ದಾದರೂ ಚಕ್ರ ತಿರುಗುವುದು ಅದೇ ವೇಗದಲ್ಲಿ. ಅಲ್ಲಿ ಮಗು ತಪ್ಪು ಮಾಡಲಾರದು. ತಪ್ಪು ಮಾಡಲಾಗದ ಜಾಗದಲ್ಲಿ ಕಲಿಯುವುದಕ್ಕೆ ಏನುಳಿಯಿತು?

ಇದಕ್ಕೆ ತೀರಾ ಎದುರಾದ ಮಾದರಿ ನಮ್ಮ ಪುಣೆಯಲ್ಲೇ ಇದೆ. ವಿಶ್ವವಿದ್ಯಾಲಯದ ಆವರಣದಲ್ಲಿ ಜಯಂತ ನಾರಳೀಕರರು ಕಟ್ಟಿದ ಖಗೋಳ ಸಂಸ್ಥೆ ಐಯೂಕಾ. ಚಾರ್ಲ್ಸ್ ಕೊರೆಯಾ ವಿನ್ಯಾಸದ ಕಟ್ಟಡ, ಒಳಗೆ ಭೂಮಿ ತಿರುಗುವುದನ್ನು ತೋರಿಸುವ ಫೂಕೋ ಲೋಲಕ. ಅದರ ಪಕ್ಕದಲ್ಲಿ ಪು. ಲ. ದೇಶಪಾಂಡೆ ಪ್ರತಿಷ್ಠಾನದ ನೆರವಿನಿಂದ ಎದ್ದ ಮಕ್ಕಳ ವಿಜ್ಞಾನ ಕೇಂದ್ರ, 'ಮುಕ್ತಾಂಗಣ ವಿಜ್ಞಾನ ಶೋಧಿಕಾ'. ಮರಾಠಿಯ ದೊಡ್ಡ ಹಾಸ್ಯ ಲೇಖಕನ ಹೆಸರು ಮಕ್ಕಳ ವಿಜ್ಞಾನದ ಅಂಗಳಕ್ಕೆ ಬಿದ್ದಿರುವುದು ನನಗೆ ಯಾವಾಗಲೂ ಖುಷಿ ಕೊಡುವ ಸಂಗತಿ. 2003ರಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ ಇಲ್ಲಿ ಕೆಲಸ ಮಾಡಿದವರು ಅರವಿಂದ ಗುಪ್ತಾ. ಐಐಟಿ ಕಾನ್ಪುರದಲ್ಲಿ ಓದಿ, ಪುಣೆಯ ಟೆಲ್ಕೋದಲ್ಲಿ ಎಂಜಿನಿಯರಾಗಿದ್ದು, ಹೋಶಂಗಾಬಾದಿನ ಹಳ್ಳಿ ಶಾಲೆಗಳ ವಿಜ್ಞಾನ ಪ್ರಯೋಗದ ಕಡೆಗೆ ಹೊರಳಿದವರು. ಅವರ ಸಾಮಾನೆಂದರೆ ಬೆಂಕಿಕಡ್ಡಿ, ಸೈಕಲ್ಲಿನ ವಾಲ್ ಟ್ಯೂಬು, ಹಳೆ ಪೇಪರು, ಪೆನ್ನಿನ ರಿಫಿಲ್ಲು. ನಮ್ಮ ಕಸದಿಂದ ರಸ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಅವರ ಮೋಟಾರನ್ನೇ ತೆಗೆದುಕೊಳ್ಳಿ. ಒಂದು ಸೆಲ್ಲು, ಎರಡು ಸೇಫ್ಟಿ ಪಿನ್ನು, ಒಂದು ಅಯಸ್ಕಾಂತ, ಎನಾಮಲ್ ಬಳಿದ ತಾಮ್ರದ ತಂತಿಯ ಒಂದು ಸುರುಳಿ. ಸುರುಳಿಯ ಒಂದು ತುದಿಯ ಎನಾಮಲನ್ನು ಸುತ್ತಲೂ ಕೆರೆಯಬೇಕು, ಇನ್ನೊಂದು ತುದಿಯಲ್ಲಿ ಅರ್ಧ ಬದಿ ಮಾತ್ರ. ಎರಡೂ ತುದಿಯನ್ನು ಪೂರ್ತಿ ಕೆರೆದ ಮಗುವಿನ ಸುರುಳಿ ಅತ್ತ ಇತ್ತ ತೂಗಾಡಿ ನಿಂತುಬಿಡುತ್ತದೆ. ಯಾಕೆ? ಕರೆಂಟು ಸದಾ ಹರಿಯುತ್ತಿದ್ದರೆ ಅಯಸ್ಕಾಂತ ಅರ್ಧ ಸುತ್ತಿನವರೆಗೆ ಮುಂದೆ ತಳ್ಳುತ್ತದೆ, ಉಳಿದರ್ಧದಲ್ಲಿ ಹಿಂದಕ್ಕೆ ಎಳೆಯುತ್ತದೆ. ಆ ಎಳೆಯುವ ಅರ್ಧದಲ್ಲಿ ಕರೆಂಟು ಕಡಿಯಬೇಕು, ಅದಕ್ಕೇ ಅರ್ಧ ಎನಾಮಲ್ ಬಿಡುವುದು. ಗುಂಡಿ ಒತ್ತಿದ ಮಗು ಮೋಟಾರು ತಿರುಗಿದ್ದನ್ನು ನೋಡುತ್ತದೆ. ಕೆರೆದ ಮಗು ಮೋಟಾರು ಯಾಕೆ ತಿರುಗಲಿಲ್ಲ ಎಂಬುದನ್ನು ನೋಡುತ್ತದೆ. ನನ್ನ ಮಟ್ಟಿಗೆ ಎರಡನೆಯದು ಮೇಲು, ಅದಕ್ಕೆ ಹವಾನಿಯಂತ್ರಿತ ಕಟ್ಟಡವೂ ಬೇಕಿಲ್ಲ.

ಇನ್ನು ಫಲಕಗಳ ಮಾತು. ಸಾಹಿತ್ಯದ ಪತ್ರಿಕೆಯಲ್ಲಿ ಇದನ್ನು ಬರೆಯಲು ಮುಖ್ಯ ಕಾರಣ ಅದೇ. ಮ್ಯೂಸಿಯಂನ ಫಲಕ ಒಂದು ಬರವಣಿಗೆಯ ಪ್ರಕಾರ, ಅದನ್ನು ಯಾರೂ ಬರವಣಿಗೆ ಎಂದು ಓದುವುದಿಲ್ಲ. ಗಾಳಿಯ ಧಾರೆಯ ಮೇಲೆ ತೇಲುವ ಚೆಂಡನ್ನು ನೀವೆಲ್ಲ ನೋಡಿರುತ್ತೀರಿ. ಅದರ ಪಕ್ಕದ ಫಲಕ ಸಾಮಾನ್ಯವಾಗಿ ಈ ಧಾಟಿಯದು: ಈ ಮಾದರಿಯು ಬರ್ನೌಲಿಯ ತತ್ತ್ವವನ್ನು ನಿರೂಪಿಸುತ್ತದೆ, ಪ್ರವಾಹಿಯ ವೇಗವು ಹೆಚ್ಚಿದಂತೆ ಒತ್ತಡವು ಕಡಿಮೆಯಾಗುತ್ತದೆ. ಇದು ಪರೀಕ್ಷೆಯ ಎರಡು ಅಂಕದ ಉತ್ತರ. ಇದನ್ನು ಓದಿದ ಮಗು ಚೆಂಡನ್ನು ಮುಟ್ಟಬೇಕಾದ ಅಗತ್ಯವೇ ಇಲ್ಲ. ಅದೇ ಜಾಗದಲ್ಲಿ 'ಚೆಂಡನ್ನು ಮೆಲ್ಲಗೆ ಪಕ್ಕಕ್ಕೆ ಎಳಿ. ಬಿಡು. ಎಲ್ಲಿಗೆ ಹೋಯಿತು? ಈಗ ಗಾಳಿಯ ನಳಿಗೆಯನ್ನು ಓರೆ ಮಾಡು' ಎಂದು ಬರೆದಿದ್ದರೆ? ಮೊದಲ ಫಲಕಕ್ಕೆ ಕ್ರಿಯಾಪದವೇ ಬೇಡವಾಗಿದೆ, ಎರಡನೆಯದರಲ್ಲಿ ಕ್ರಿಯಾಪದವೇ ಎಲ್ಲ. ಕನ್ನಡಕ್ಕೆ ಇದು ಹೊಸದೇನಲ್ಲ. ಶಿವರಾಮ ಕಾರಂತರು 1930ರ ದಶಕದಲ್ಲೇ ಪುತ್ತೂರಿನಲ್ಲಿ ಮಕ್ಕಳ ಜೊತೆ ಪ್ರಯೋಗ ಮಾಡುತ್ತ 'ಬಾಲ ಪ್ರಪಂಚ'ದ ಸಂಪುಟಗಳನ್ನು ಬರೆದರು. ಮಕ್ಕಳಿಗೆ ಲೋಕವನ್ನು ತಿಳಿಸುವ ಗದ್ಯ ನಮ್ಮಲ್ಲಿದೆ. ಅದು ಮ್ಯೂಸಿಯಂನ ಗೋಡೆಯವರೆಗೆ ಬಂದಿಲ್ಲ, ಅಷ್ಟೆ.

ಫಲಕ ಯಾವ ಭಾಷೆಯಲ್ಲಿದೆ ಎಂಬುದು ಇನ್ನೂ ಸೂಕ್ಷ್ಮದ ಸಂಗತಿ. ಕಳೆದ ವರ್ಷ ನಮ್ಮ ಪ್ಲಾಂಟಿನ ಫಿಟ್ಟರ್ ಒಬ್ಬರ ಕುಟುಂಬದೊಂದಿಗೆ ಒಂದು ವಿಜ್ಞಾನ ಕೇಂದ್ರಕ್ಕೆ ಹೋಗಿದ್ದೆ. ಆಳಂದ ತಾಲ್ಲೂಕಿನವರು, ಏಳನೇ ಇಯತ್ತೆಯವರೆಗೆ ಓದಿದ್ದಾರೆ. ಮಗಳು ಮರಾಠಿ ಶಾಲೆಯಲ್ಲಿ ಐದನೆಯ ತರಗತಿ. ಅರ್ಧ ದಿನ ಅವರು ಮಗಳ ಹಿಂದೆ ಸುಮ್ಮನೆ ನಡೆದರು. ಮಗಳು ಮರಾಠಿ ಫಲಕ ಓದುವುದು, ಅರ್ಥ ಕೇಳಲು ತಂದೆಯ ಮುಖ ನೋಡುವುದು, ಅವರು ನನ್ನ ಮುಖ ನೋಡುವುದು. ಕಾರ್ಖಾನೆಯಲ್ಲಿ ಎಂಜಿನಿಯರುಗಳೇ ಕರೆದು ಕೇಳುವ ಮನುಷ್ಯ ಇಲ್ಲಿ ಮಗಳ ಮುಂದೆ ಮೂಕನಾಗಿ ನಿಂತಿದ್ದರು. ಅಷ್ಟರಲ್ಲಿ ಒಂದು ಪಂಪು ಬಂತು. ಪಾರದರ್ಶಕ ಮೈ, ಒಳಗೆ ರೆಕ್ಕೆಯ ಚಕ್ರ, ಕೈಯಿಂದ ತಿರುಗಿಸುವ ಹಿಡಿಕೆ. ಮಗಳು ಎಷ್ಟು ತಿರುಗಿಸಿದರೂ ನೀರು ಏರಲಿಲ್ಲ.

'ಒಳಗ ಗಾಳಿ ಹಿಡದದವಾ. ಗಾಳಿ ಇದ್ರ ಚಕ್ರ ಬರೇ ತಿರಗತದ, ನೀರ ಎಳಿಯಂಗಿಲ್ಲ. ಮೊದಲ ನೀರ ತುಂಬಸಬೇಕು' ಎಂದರು. ಬಾಟಲಿಯ ನೀರು ಹೊಯ್ಯಲು ಅಲ್ಲಿನ ಹುಡುಗಿಯನ್ನು ಕೇಳಿದರು, ಅವಳು ನಗುತ್ತ ಹೂಂ ಎಂದಳು. ನೀರು ತುಂಬಿ, ಮಗಳು ಹಿಡಿಕೆ ತಿರುಗಿಸಿದಾಗ ಧಾರೆ ಎದ್ದಿತು. 'ಅಪ್ಪಾ, ನಿಮ್ ಕಂಪನ್ಯಾಗೂ ಹಿಂಗೇ ಮಾಡ್ತೀರೇನು?' ಎಂದಳು ಮಗಳು. 'ದಿನಾ ಮಾಡ್ತೀನಿ ನೋಡವಾ' ಎಂದರು. ಮುಂದಿನ ಮುಕ್ಕಾಲು ತಾಸು ಅವರು ಆ ಪಂಪು ಬಿಟ್ಟು ಕದಲಲಿಲ್ಲ. ಗಾಡಿಯವನು ಎರಡು ಸಲ ಫೋನು ಮಾಡಿದ.

ಕೈಯಾಡಿಸುವ ಮ್ಯೂಸಿಯಂ ಒಂದನ್ನು ಅಳೆಯಲು ನಾನು ಇಟ್ಟುಕೊಂಡಿರುವ ಅಳತೆ ಇದೇ. ಅಲ್ಲಿ ಹೆತ್ತವರಿಗೆ ಬಾಯಿ ಬರುತ್ತದೆಯೇ, ಹೋಗುತ್ತದೆಯೇ? ಮಗುವಿಗೆ ಅರ್ಥ ಮಾಡಿಸಲು ಟೈ ಕಟ್ಟಿದ ಗೈಡು ಬೇಕೇ ಬೇಕು ಎನ್ನುವ ಜಾಗ ಅಂಥ ಅಪ್ಪನ ಕೈಯನ್ನು ಕಟ್ಟಿಹಾಕುತ್ತದೆ. ಒಳ್ಳೆಯ ಯಂತ್ರ ಫಲಕವನ್ನು ಕಾಯುವುದಿಲ್ಲ. ಕೆಟ್ಟ ಯಂತ್ರಕ್ಕೆ ನಾಲ್ಕು ಭಾಷೆಯ ಫಲಕ ಹಾಕಿದರೂ ಅಷ್ಟೇ.

ಮುಂಬೈಯ ಲೋವರ್ ಪರೇಲ್‌ನಲ್ಲಿ 2023ರ ಕೊನೆಗೆ ತೆರೆದ ಮ್ಯೂಸಿಯಂ ಆಫ್ ಸೊಲ್ಯೂಷನ್ಸ್ ಬಗ್ಗೆ ಓದುಗರು ಕೇಳಬಹುದು. ಆಡು, ಹುಡುಕು, ಮಾಡು, ಬೆಳೆಸು ಎಂಬ ನಾಲ್ಕು ಕ್ರಿಯಾಪದಗಳ ಮೇಲೆ ಕಟ್ಟಿದ ಪ್ರಯೋಗಶಾಲೆಗಳು ಅಲ್ಲಿವೆ. ಕಲ್ಪನೆಯ ಮಟ್ಟಿಗೆ ನಮ್ಮ ಗುಂಡಿಯ ಮ್ಯೂಸಿಯಂಗಳಿಗಿಂತ ಬಹಳ ಮುಂದೆ. ಪುಣೆ, ಮುಂಬೈಯ ಐಟಿ ಮನೆಗಳಿಗೆ ಧಾರಾಳವಾಗಿ ಹೇಳಬಹುದು, ಹೋಗಿ ಬನ್ನಿ. ದೌಂಡಿನಿಂದ ಮುಂಬೈ ರೈಲಿನಲ್ಲಿ 260 ಕಿಲೋಮೀಟರಿಗೂ ಹೆಚ್ಚು. ಹೋಗಿ ಬರುವ ಖರ್ಚು, ಟಿಕೆಟ್ಟು, ಒಂದು ರಾತ್ರಿಯ ತಂಗುವಿಕೆ ಸೇರಿದರೆ ಗುತ್ತಿಗೆ ಕೆಲಸದ ಮನೆಗೆ ಅದು ವರ್ಷಕ್ಕೊಮ್ಮೆಯ ಮಾತೂ ಅಲ್ಲ.

ಹಾಗಾದರೆ ಎಲ್ಲಿಗೆ? ನನ್ನ ಸಲಹೆ ಕೆಲವರಿಗೆ ವಿಚಿತ್ರ ಅನ್ನಿಸಬಹುದು. ಪುಣೆಯ ಕಡೆ ಮುಖ ಮಾಡುವ ಬದಲು ಊರ ಕಡೆ ಮುಖ ಮಾಡಿ. ರಾಷ್ಟ್ರೀಯ ವಿಜ್ಞಾನ ಸಂಗ್ರಹಾಲಯ ಪರಿಷತ್ತು ದೊಡ್ಡ ನಗರ ಬಿಟ್ಟು ಜಿಲ್ಲೆಗೆ ಹೋಗಬೇಕೆಂದು ಹೊರಟಾಗ ಮೊದಲು ಪುರುಲಿಯಾದಲ್ಲಿ, ನಂತರ 1984ರಲ್ಲಿ ಅಂದಿನ ಗುಲಬರ್ಗಾದಲ್ಲಿ ಜಿಲ್ಲಾ ವಿಜ್ಞಾನ ಕೇಂದ್ರ ತೆರೆಯಿತು. ಬೆಂಗಳೂರಿಗೆ ಮಾತ್ರ ಸಲ್ಲುತ್ತದೆ ಎಂದುಕೊಂಡ ವಸ್ತು ಕಲ್ಯಾಣ ಕರ್ನಾಟಕಕ್ಕೆ ಇಷ್ಟು ಬೇಗ ಬಂದದ್ದು ಅಪರೂಪ. ನಮ್ಮವರು ದೀಪಾವಳಿಗೆ, ಜಾತ್ರೆಗೆ, ಮದುವೆಗೆ ಹೇಗೂ ದೌಂಡಿನಲ್ಲಿ ರೈಲು ಹತ್ತಿ ಸೋಲಾಪುರದ ಮೇಲೆ ಹೋಗುವವರು. ದೌಂಡಿನಿಂದ ಕಲಬುರಗಿ ಸುಮಾರು 300 ಕಿಲೋಮೀಟರ್. ಆ ಟಿಕೆಟ್ಟಿನ ದುಡ್ಡು ಮೊದಲೇ ಖರ್ಚಾಗಿರುತ್ತದೆ. ಬೇಕಾಗಿರುವುದು ಊರಿನ ಬಸ್ಸು ಹತ್ತುವ ಮುನ್ನ ಅರ್ಧ ದಿನ, ಸ್ಟೇಷನ್ನಿನಿಂದ ಒಂದು ಆಟೋ. ಕಟ್ಟಡ ಮುಂಬೈಯಷ್ಟು ಹೊಳೆಯುವುದಿಲ್ಲ, ಗುಂಡಿಗಳೂ ಇವೆ. ಆದರೆ ಸುತ್ತಲಿನ ಮಾತು ಕನ್ನಡ. ಸಂಶಯ ಬಂದರೆ ಅಪ್ಪನೇ ನೇರ ಕೇಳಬಹುದು. ಹೊರಗಿನ ವಿಜ್ಞಾನ ಉದ್ಯಾನದಲ್ಲಿ ಅವ್ವನೂ ಸೆರಗು ಕಟ್ಟಿಕೊಂಡು ಹಗ್ಗ ಎಳೆಯಬಹುದು.

ಪುಣೆಗೇ ಹೋಗುವುದಾದರೆ ಫೆಬ್ರವರಿ 28 ನೋಡಿಕೊಳ್ಳಿ. ರಾಷ್ಟ್ರೀಯ ವಿಜ್ಞಾನ ದಿನಕ್ಕೆ ಐಯೂಕಾ ಜನರಿಗೆ ಬಾಗಿಲು ತೆರೆಯುತ್ತದೆ. ಉಳಿದ ದಿನಗಳಲ್ಲಿ ಫೋನು ಮಾಡಿ, ಸಮಯ ಕೇಳಿಕೊಂಡೇ ಹೊರಡಿ. ಗಣಪತಿ, ಮಾಲ್ ಇನ್ನೊಂದು ದಿನಕ್ಕಿರಲಿ. ಒಂದೇ ಜಾಗಕ್ಕೆ ಹೋಗುವುದಾದರೆ ಕ್ರೂಸರ್ ಬೇಡ, ದೌಂಡಿನಿಂದ ಪುಣೆಗೆ ರೈಲು ಸಾಕು. ಮಗು ಯಾವ ಯಂತ್ರದ ಮುಂದೆ ನಿಂತಿತೋ ಅಲ್ಲೇ ನೀವೂ ನಿಲ್ಲಿ. ಬರುವಾಗ ದೌಂಡಿನ ಪೇಟೆಯಲ್ಲಿ ಇಳಿದು ಒಂದು ಸೆಲ್ಲು, ಎರಡು ಸೇಫ್ಟಿ ಪಿನ್ನು, ಹಳೆ ಸ್ಪೀಕರಿನ ಅಯಸ್ಕಾಂತ, ಮೋಟಾರ್ ರಿವೈಂಡಿಂಗ್ ಅಂಗಡಿಯವನ ಹತ್ತಿರ ಒಂದು ಮೀಟರು ಎನಾಮಲ್ ತಂತಿ ತೆಗೆದುಕೊಳ್ಳಿ. ತಂತಿ ತೀರಾ ಸಣ್ಣದಾದರೆ ಸುರುಳಿ ಬಾಗುತ್ತದೆ. ರಿವೈಂಡಿಂಗ್‌ನವನಿಗೆ ಕೆಲಸ ಏನೆಂದು ಹೇಳಿದರೆ ಸರಿಯಾದದ್ದನ್ನು ಅವನೇ ಕೊಡುತ್ತಾನೆ.