ಹುರುಳು ತುಂಬುವ ಕ್ರಿಯಾಪದ

ನನ್ನ ಪಿಎಚ್.ಡಿ. ಅಧ್ಯಾಯಗಳು ಕನ್ನಡದಲ್ಲಿವೆ. ಅವುಗಳ ಅಂಚಿನಲ್ಲಿ ಅತಿ ಹೆಚ್ಚು ಸಲ ಕಾಣುವ ಪದ ಮಾತ್ರ ಇಂಗ್ಲಿಷಿನದು: ‘ಸಬ್‌ಸ್ಟ್ಯಾನ್ಷಿಯೇಟ್’. ನಿಘಂಟು ತೆರೆದರೆ ಸಮರ್ಥಿಸು, ರುಜುವಾತುಪಡಿಸು, ಸಾಬೀತುಮಾಡು ಎಂದೆಲ್ಲ ಸಿಗುತ್ತದೆ. ಆ ಪದ ನಮ್ಮಿಂದ ಕೇಳುತ್ತಿರುವುದನ್ನು ಇವ್ಯಾವುವೂ ಪೂರ್ತಿ ಹೇಳುವುದಿಲ್ಲ ಎಂಬುದು ನನ್ನ ತಕರಾರು. ನಮ್ಮ ವಿಮರ್ಶೆಯ ಒಂದು ಅಭ್ಯಾಸಕ್ಕೂ ಈ ಕೊರತೆಗೂ ನಂಟಿದೆ.

ಲ್ಯಾಟಿನ್ನಿನಲ್ಲಿ ‘ಸಬ್’ ಎಂದರೆ ಕೆಳಗೆ, ‘ಸ್ಟಾರೆ’ ಎಂದರೆ ನಿಲ್ಲು. ಎರಡೂ ಕೂಡಿ ‘ಸಬ್‌ಸ್ಟಾನ್ಷಿಯಾ’, ಅಂದರೆ ಅಡಿಯಲ್ಲಿ ನಿಂತದ್ದು. ಗ್ರೀಕಿನ ‘ಹೈಪೋಸ್ಟಾಸಿಸ್’ ಪದದ ಕಟ್ಟೂ ಇದೇ. ಗ್ರೀಕ್ ವೈದ್ಯರು ಮೂತ್ರದ ತಳದಲ್ಲಿ ಕೂತ ಗಸಿಗೂ ಅದೇ ಪದ ಬಳಸುತ್ತಿದ್ದರು. ತತ್ವಜ್ಞಾನಿಗಳು ಶತಮಾನಗಟ್ಟಲೆ ಜಗಳವಾಡಿದ ಪದಕ್ಕೆ ಇಂಥದ್ದೊಂದು ಅರ್ಥವೂ ಇತ್ತೆಂಬುದು ನನಗಂತೂ ಖುಷಿಯ ಸಂಗತಿ. ಇಂಗ್ಲಿಷಿನಲ್ಲಿ ಈ ಕ್ರಿಯಾಪದ 17ನೇ ಶತಮಾನದಲ್ಲಿ ಮೈ ಕೊಡು, ಇರುವಂತೆ ಮಾಡು ಎಂಬ ಅರ್ಥದಲ್ಲಿ ಬಳಕೆಯಲ್ಲಿತ್ತು. ಹೇಳಿಕೆಗೆ ಪುರಾವೆ ಒದಗಿಸು ಎಂಬ ಅರ್ಥ ಬಂದದ್ದು ತಡವಾಗಿ, 19ನೇ ಶತಮಾನದ ಆರಂಭದ ಹೊತ್ತಿಗೆ. ‘ಪ್ರೂವ್’ ಬೇರೆ ವಂಶದ್ದು. ಅದರ ಮೂಲವಾದ ‘ಪ್ರೊಬಾರೆ’ ಎಂದರೆ ಪರೀಕ್ಷಿಸು. ಅಚ್ಚುಮನೆಯ ‘ಪ್ರೂಫ್’ನಲ್ಲಿ ಆ ಪರೀಕ್ಷೆ ಇನ್ನೂ ಉಳಿದಿದೆ. ‘ಪ್ರೂವ್’ಗೆ ಕೊನೆಯಲ್ಲಿ ತೀರ್ಪು ಬೇಕು. ‘ಸಬ್‌ಸ್ಟ್ಯಾನ್ಷಿಯೇಟ್’ ಅಷ್ಟು ಕೇಳುವುದಿಲ್ಲ. ಮಾತಿನ ಅಡಿಗೆ ಏನಾದರೂ ತಂದಿಡು, ಅದು ಎಷ್ಟು ಭಾರ ಹೊರುತ್ತದೋ ನೋಡೋಣ ಎನ್ನುತ್ತದೆ.

ನಮ್ಮ ‘ಸಾಬೀತು’ ಕೂಡ ಅರಬ್ಬಿಯಲ್ಲಿ ಸ್ಥಿರವಾಗಿ ನಿಂತದ್ದೇ. ಆದರೆ ಕೋರ್ಟಿನ ದಾರಿಯಲ್ಲಿ ಬಂದದ್ದರಿಂದಲೋ ಏನೋ, ಸಾಬೀತಾದ ಮೇಲೆ ಮಾತು ಮುಗಿಯಿತು ಎಂಬ ಧ್ವನಿ ಅದಕ್ಕಿದೆ. ‘ಸಮರ್ಥಿಸು’ ಇನ್ನೂ ತೊಂದರೆಯದು. ಪತ್ರಿಕೆಗಳಲ್ಲಿ ದಿನಾ ಯಾರಾದರೊಬ್ಬರು ತಮ್ಮ ಹೇಳಿಕೆಯನ್ನು ಸಮರ್ಥಿಸಿಕೊಳ್ಳುತ್ತಾರೆ. ಅವರು ಹೊಸದಾಗಿ ಏನನ್ನೂ ತಂದಿಟ್ಟಿರುವುದಿಲ್ಲ, ಹೇಳಿದ್ದನ್ನೇ ಸ್ವಲ್ಪ ಜೋರಾಗಿ ಹೇಳಿರುತ್ತಾರೆ. ಅದೇ ಪತ್ರಿಕೆಯ ಇನ್ನೊಂದು ಮೂಲೆಯಲ್ಲಿ ‘ಆರೋಪದಲ್ಲಿ ಹುರುಳಿಲ್ಲ’ ಎಂದಿರುತ್ತದೆ. ಹುರುಳು! ಹಳಗನ್ನಡದ ಪುರುಳ್, ತಮಿಳಿನ ಪೊರುಳ್. ತಮಿಳಿನಲ್ಲಿ ಅದು ಅರ್ಥವೂ ಹೌದು, ಸಂಪತ್ತೂ ಹೌದು. ಲ್ಯಾಟಿನ್ ಪದಕ್ಕೂ ಆಸ್ತಿ ಎಂಬ ಅರ್ಥವಿತ್ತು. ಇಷ್ಟು ಹತ್ತಿರದ ನಾಮಪದ ಕೈಯಲ್ಲಿದ್ದೂ ನಾವು ಅದನ್ನು ಹೆಚ್ಚಾಗಿ ‘ಇಲ್ಲ’ದ ಜೊತೆಗೇ ಬಳಸುತ್ತೇವೆ. ಹುರುಳಿಲ್ಲ ಎನ್ನಲು ಬರುತ್ತದೆ, ಹುರುಳು ಒದಗಿಸುವ ಕೆಲಸಕ್ಕೆ ರೂಢಿಯ ಕ್ರಿಯಾಪದವಿಲ್ಲ.

ಕೆಲಸ ಮಾತ್ರ ನಮಗೆ ಹೊಸದಲ್ಲ. ಎಂ.ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದ ಹಲ್ಮಿಡಿ ಶಾಸನದ ಮೇಲೆ ಕಾಲ ಬರೆದಿಲ್ಲ. ಸುಮಾರು ಕ್ರಿ.ಶ. 450 ಎಂಬ ಮಾತಿನ ಅಡಿಯಲ್ಲಿರುವುದು ಲಿಪಿಯ ರೂಪ, ಭಾಷೆಯ ಹಳಮೆ, ಕದಂಬ ಕಾಕುಸ್ಥನ ಹೆಸರು. ‘ಸುಮಾರು’ ಎಂಬ ಪದವೂ ಅಲ್ಲಿ ಪ್ರಾಮಾಣಿಕವಾಗಿ ದುಡಿಯುತ್ತಿದೆ.

ಶಾಸನದ ವಿಷಯದಲ್ಲಿ ಇಷ್ಟು ಎಚ್ಚರದಿಂದಿರುವ ನಾವು ಕಾವ್ಯದ ವಿಷಯಕ್ಕೆ ಬಂದರೆ ಸಡಿಲವಾಗುತ್ತೇವೆ. ‘ಪಂಪಭಾರತದ ನಿಜವಾದ ನಾಯಕ ಕರ್ಣ’ ಎಂಬ ವಾಕ್ಯವನ್ನು ಎಷ್ಟು ಪ್ರಬಂಧಗಳಲ್ಲಿ ಓದಿದ್ದೇನೋ ಲೆಕ್ಕವಿಲ್ಲ. ಕೆಳಗೆ ಹಿರಿಯ ವಿಮರ್ಶಕರ ಮೂರು ಹೆಸರು. ನ್ಯಾಯದರ್ಶನದ ನಾಲ್ಕು ಪ್ರಮಾಣಗಳಲ್ಲಿ ಆಪ್ತವಾಕ್ಯ ಕೊನೆಯದು, ನಮ್ಮ ಅಡಿಟಿಪ್ಪಣಿಗಳಲ್ಲಿ ಅದೇ ಮೊದಲನೆಯದು. ಹೆಸರುಗಳನ್ನು ಬದಿಗಿಟ್ಟು ಕಾವ್ಯದಿಂದಲೇ ಆಧಾರ ತಂದರೆ ಏನಾಗುತ್ತದೆ? 12ನೇ ಆಶ್ವಾಸದಲ್ಲಿ ಕರ್ಣ ಮಡಿದಾಗ, ಭಾರತದಲ್ಲಿ ಯಾರನ್ನಾದರೂ ನೆನೆಯುವುದಾದರೆ ಕರ್ಣನನ್ನು ನೆನೆ ಎಂದು ಪಂಪ ಹೇಳುವ ಪದ್ಯ ಎಲ್ಲರಿಗೂ ಬಾಯಿಪಾಠ. ಅದು ಗಟ್ಟಿ ಆಧಾರವೇ. ಆದರೆ ಕಾವ್ಯ ಅಲ್ಲಿಗೆ ನಿಲ್ಲುವುದಿಲ್ಲ. 14ನೇ ಆಶ್ವಾಸದಲ್ಲಿ ಪಟ್ಟಕ್ಕೇರುವವನು ಅರ್ಜುನ, ಪಕ್ಕದಲ್ಲಿ ಸುಭದ್ರೆ. ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯಾಗಿಸಿದ್ದು, ಆಶ್ರಯದಾತ ಅರಿಕೇಸರಿಯನ್ನು ಅವನಲ್ಲಿ ಬೆರೆಸಿದ್ದು, ಎಲ್ಲದರ ಭಾರ ಅರ್ಜುನನ ಕಡೆಗಿದೆ. ಕೊನೆಯಲ್ಲಿ ಒಬ್ಬೊಬ್ಬರ ಗುಣ ಹೇಳುವ ಪದ್ಯದಲ್ಲೂ ಕರ್ಣ ಹಲವರಲ್ಲಿ ಒಬ್ಬ, ನನ್ನಿಗೆ ಹೆಸರಾದವನು. ಒಂದು ಪದ್ಯದ ಮೇಲೆ ಇಡೀ ಕಾವ್ಯದ ನಾಯಕತ್ವವನ್ನು ನಿಲ್ಲಿಸಲಾಗದು. ಕತೆಯ ಯೋಜನೆ ಅರ್ಜುನನದಾದರೂ ಕರ್ಣನ ಸಾವಿನ ಹತ್ತಿರ ಕವಿಯ ದನಿ ಬದಲಾಗುತ್ತದೆ ಎಂಬ ಮಾತು ಮಾತ್ರ ನಿಲ್ಲುತ್ತದೆ. ನನಗೆ ಈ ಎರಡನೆಯ ಮಾತೇ ಹೆಚ್ಚು ಕುತೂಹಲದ್ದು.

ಯಾಕೆ ಬದಲಾಗುತ್ತದೆ? ಅನ್ನ ಹಾಕಿದ ಒಡೆಯನ ಋಣಕ್ಕೆ ಪ್ರಾಣ ಕೊಡುವ ಜೋಳವಾಳಿಯ ಮಾತು ನಮ್ಮ ಶಾಸನಗಳಲ್ಲಿ ಬರುತ್ತದೆ, ಪಂಪನ ಕರ್ಣನೂ ಜೋಳದ ಪಾಳಿಯ ಲೋಕದವನು. ಪಂಪನೂ ಅರಿಕೇಸರಿಯ ಆಶ್ರಯದಲ್ಲಿದ್ದ ಕವಿ, ಕತ್ತಿ ಹಿಡಿದ ಕಲಿ. ಇಲ್ಲಿಯವರೆಗೆ ಕಾಲಡಿಯಲ್ಲಿ ನೆಲವಿದೆ. ಪಂಪ ಕರ್ಣನಲ್ಲಿ ತನ್ನನ್ನೇ ಕಂಡ ಎಂದು ಇನ್ನೊಂದು ಹೆಜ್ಜೆ ಮುಂದಿಡುವ ಆಸೆ ಯಾರಿಗಾದರೂ ಆಗುತ್ತದೆ, ನನಗೂ ಇದೆ. ಆ ಹೆಜ್ಜೆಯ ಕೆಳಗೆ ಇಡಲು ಕಾವ್ಯದಲ್ಲಿ ನನಗೆ ಈವರೆಗೆ ಒಂದು ಪದ್ಯವೂ ಸಿಕ್ಕಿಲ್ಲ.