ಗುಳಿಗೆಯಾದ ಹುಲ್ಲು

ಮೇಕೆಯ ನಾಲಿಗೆ ಬಲು ನಾಜೂಕು. ಒಣಹುಲ್ಲಿನಲ್ಲಿ ಎಲೆಯನ್ನಷ್ಟೇ ಆರಿಸಿ ಕಡ್ಡಿಯನ್ನು ಕೆಡವುತ್ತದೆ. ತುಳಿದದ್ದನ್ನು ಮತ್ತೆ ಮೂಸುವುದೂ ಇಲ್ಲ. ಈ ಹಟಕ್ಕೆ ಪೆಲೆಟ್, ಅಂದರೆ ಮೇವಿನ ಗುಳಿಗೆ, ಸೊಗಸಾದ ಉತ್ತರ. ಕುದುರೆಮಸಾಲೆ ಸೊಪ್ಪನ್ನು ಒಣಗಿಸಿ, ಪುಡಿಮಾಡಿ, ಹಬೆ ಹಾಯಿಸಿ, ಚಕ್ಕುಲಿ ಒತ್ತಿದಂತೆ ಅಚ್ಚಿನ ತೂತುಗಳಿಂದ ಒತ್ತಿ ತುಂಡರಿಸುತ್ತಾರೆ. ಎಲೆ, ಕಡ್ಡಿ ಒಂದಾಗುವುದರಿಂದ ಆರಿಸಲು ಎಡೆಯೇ ಇಲ್ಲ. ಈ ಗುಳಿಗೆಯಲ್ಲಿ ಸುಮಾರು ಶೇ. 15ರಿಂದ 17ರಷ್ಟು ಪ್ರೋಟೀನ್. ಹಾಲು ಕೊಡುವ ಮೇಕೆಗೆ ಬೇಕಾದ ಸುಣ್ಣದಂಶವೂ ಧಾರಾಳ. ಹಲ್ಲು ಸವೆದ ಮುದಿ ಮೇಕೆಗೆ ನೀರಲ್ಲಿ ನೆನೆಸಿ ಕೊಡಬಹುದು. ಆದರೂ ಮೆಲುಕಿಗೆ ಉದ್ದ ನಾರು ಬೇಕು. ಒಂದಿಷ್ಟು ಹುಲ್ಲು, ಸೊಪ್ಪು ಜೊತೆಗಿರಲಿ. ಮೇವನ್ನು ಪೋಲಾಗದಂತೆ ಪ್ರಾಣಿಯ ಹೊಟ್ಟೆ ಸೇರಿಸುವ ಈ ಜಾಣ್ಮೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ.